ಒಳಹೊಲಿಗೆ ತೋರಿಸಿ ಮಾರಿದ ಮನೆ

ಜನವರಿ 12

ರೀ,

ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಕಾಗದ ಬರೆಯೋಣ ಎಂದು ಬಸ್ಸು ಹತ್ತುವಾಗ ನೀವೇ ಹೇಳಿದಿರಿ. ಕಾಗದದಲ್ಲಿ ಜಗಳ ಆಡಲು ಬರುವುದಿಲ್ಲ ಎಂದು ನಿಮಗೆ ಯಾರು ಹೇಳಿದರೋ. ಇರಲಿ, ಬರೆಯುತ್ತಿದ್ದೇನೆ.

ಗೇಟಿಗೆ ಬೋರ್ಡು ಹಾಕಿದ್ದಾಯಿತು. ಬ್ರೋಕರನ್ನು ಹಿಡಿ ಎಂದು ನೀವು ಹೋಗುವ ದಿನವೂ ಹೇಳಿದಿರಿ, ನಾನು ಹೂಂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಈ ಮನೆಯ ಯಾವ ಕಿಟಕಿಯ ಚಿಲಕ ಯಾವಾಗ ಸದ್ದು ಮಾಡುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಯಾರೋ ಒಂದು ಮಧ್ಯಾಹ್ನ ಬಂದು ಸುತ್ತಾಡಿ, ನನ್ನ ಮನೆಯ ಬಗ್ಗೆ ನನಗೇ ಪಾಠ ಹೇಳಿ, ಅದಕ್ಕೆ ಕಮಿಷನ್ನೂ ಎಣಿಸಿಕೊಂಡು ಹೋಗಬೇಕೆ? ಹರಿದ ರಟ್ಟಿನ ಮೇಲೆ ನಾನೇ ಬರೆದೆ: ಮನೆ ಮಾರಾಟಕ್ಕಿದೆ, ಮುಂದಿನ ಕೋಣೆಯಲ್ಲಿ ಹೊಲಿಯುತ್ತಿರುವವರನ್ನು ವಿಚಾರಿಸಿ.

ಅದರಿಂದ ಆದದ್ದೇನೆಂದರೆ, ಅಂಗಡಿ ಮುಚ್ಚುತ್ತೇನೆಂದು ಬೀದಿಗೆಲ್ಲ ಗೊತ್ತಾಗಿ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತಿದ್ದ ಬಟ್ಟೆಯೆಲ್ಲ ನನ್ನ ಮೇಜಿಗೆ ಬಂತು. ಮನೆ ಕೇಳಲು ಒಬ್ಬರೂ ಬಂದಿಲ್ಲ, ಹೊಲಿಗೆಯಿಂದ ಪುರಸೊತ್ತಿಲ್ಲ. ನಿಮ್ಮ ಕಾರ್ಖಾನೆ ಊರು ಬಿಟ್ಟು ಹೋಗಿ ನನಗೆ ವ್ಯಾಪಾರ ತಂದುಕೊಟ್ಟಿತು.

ಅಡುಗೆಮನೆಯ ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಹಗ್ಗ ಬಿಗಿದಿದ್ದೆ. ಇವತ್ತು ಬಾಣಲೆ ಬೇಕಾಗಿ ಬಿಚ್ಚಿದೆ. ಅಲ್ಲಿ ಚಳಿಯಂತೆ. ಸ್ವೆಟರ್ ಸೂಟ್‌ಕೇಸಿನ ತಳದಲ್ಲಿದೆ.

ಇಂತಿ,
ಬೋರ್ಡು ಕಾಯುತ್ತಿರುವವಳು


ಜನವರಿ 21

ದರ್ಜಿಯಮ್ಮನವರಿಗೆ,

ಸ್ವೆಟರ್ ಸಿಕ್ಕಿತು. ಹೊಸ ಕಾರ್ಖಾನೆ ದೊಡ್ಡದು, ಕುಲುಮೆಯ ಬಿಸಿ ಹಳೆಯದರಷ್ಟೇ. ನನಗೆ ಅದೇ ಕೆಲಸ. ಸಾಲಾಗಿ ಬರುವ ಬಾಟಲಿಗಳನ್ನು ಬೆಳಕಿಗೆ ಹಿಡಿಯುವುದು, ಗಾಜಿನಲ್ಲಿ ಗುಳ್ಳೆ ಇದ್ದದ್ದನ್ನು ಪಕ್ಕಕ್ಕೆ ತೆಗೆಯುವುದು, ಅದನ್ನು ಒಡೆದು ಮತ್ತೆ ಕುಲುಮೆಗೆ ಹಾಕುವುದನ್ನು ನೋಡುವುದು. ಕಣ್ಣಿಗೆ ಬಿಡುವಿಲ್ಲ. ಕೋಣೆಯಲ್ಲಿ ಜೊತೆಗೆ ಒಬ್ಬ ಫಿಟ್ಟರ್. ಒಳ್ಳೆಯವನು, ಗೊರಕೆಯೊಂದು ಬಿಟ್ಟರೆ.

ಬೇಗ ಒಂದು ದಾರಿಯಾಗಲಿ ಎಂದು ನನಗೆ ತವಕ. ಡ್ಯೂಟಿ ಮುಗಿದ ಮೇಲೆ ಕೋಣೆಯಲ್ಲಿ ಕೂರಲಾಗದೆ ಬೀದಿ ಬೀದಿ ಅಲೆಯುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಫಿಟ್ಟರ್ ಕೇಳುತ್ತಾನೆ. ಬ್ರೋಕರ್ ಎಂದರೆ ನಿನಗೇಕೆ ಅಷ್ಟು ಸಿಟ್ಟು? ಗಿರಾಕಿ ಹಿಡಿಯುವುದು ಅವರ ಕಸುಬು. ನಿನ್ನ ಬೋರ್ಡನ್ನು ನಮ್ಮ ಬೀದಿಯವರು ಬಿಟ್ಟು ಇನ್ಯಾರು ಓದುತ್ತಾರೆ? ನಮ್ಮ ಬೀದಿಯವರಿಗೆ ಆಗಲೇ ಮನೆಯಿದೆ.

ಮಾಳಿಗೆಯ ಮೆಟ್ಟಿಲ ಮೇಲಿನ ಸೋರಿಕೆಗೆ ಸಿಮೆಂಟು ಮೆತ್ತಿಸು. ಮುಂದಿನ ಕೋಣೆಯ ಆ ಗಿಡ್ಡ ಪರದೆಯನ್ನು ತೆಗೆದುಬಿಡು, ನೋಡುವವರು ನಗುತ್ತಾರೆ.

ಇಂತಿ,
ಗುಳ್ಳೆ ಹುಡುಕುವವನು


ಫೆಬ್ರವರಿ 8

ರೀ,

ಪರದೆ ತೆಗೆಯುವುದಿಲ್ಲ. ಕಿಟಕಿಯನ್ನು ಗೇಣಿನಲ್ಲಿ ಅಳೆದು ಏಳು ಗೇಣು ಎಂದವರು ನೀವು. ನಿಮ್ಮ ಅಂಗೈ ಅಗಲವೆಷ್ಟು, ನನ್ನದೆಷ್ಟು ಎಂದು ನೋಡದೆ ನನ್ನ ಗೇಣಿನಲ್ಲಿ ಕತ್ತರಿಸಿದವಳು ನಾನು. ಊರಿಗೆಲ್ಲ ಅಳತೆ ತಪ್ಪದೆ ಹೊಲಿಯುವವಳ ಮನೆಯ ಪರದೆ ಗಿಡ್ಡ. ನಗುವವರು ನಗಲಿ.

ಮನೆ ನೋಡಲು ಜನ ಬಂದರು. ಮೊದಲು ಬಂದದ್ದು ಒಬ್ಬ ಬಸ್ ಕಂಡಕ್ಟರ್ ಮತ್ತು ಅವನ ಹೆಂಡತಿ. ಹೊಸದಾಗಿ ಮದುವೆಯಾದವರು, ಮಾತಿಗೊಮ್ಮೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತೋರಿಸಲು ನನಗೆ ಗೊತ್ತಿದ್ದದ್ದು ಒಂದೇ ಕ್ರಮ. ನಮ್ಮ ಹೊಲಿಗೆ ಟೀಚರು ಕಲಿಸಿದ್ದು ಅದು: ಬಟ್ಟೆ ಕೊಡುವಾಗ ಒಳಗು ಹೊರಗು ಮಾಡಿ, ಒಳಹೊಲಿಗೆ ತೋರಿಸಿ ಕೊಡಬೇಕು. ಮುಂಭಾಗ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಹಾಗೇ ಅವರನ್ನು ಮುಂದಿನ ಬಾಗಿಲಿಂದ ಒಳಗೆ ಬಿಡದೆ, ಪಕ್ಕದ ಓಣಿಯಲ್ಲಿ ಕರೆದುಕೊಂಡು ಹೋಗಿ ಹಿತ್ತಲಿಂದ ಶುರುಮಾಡಿದೆ.

ಮೋರಿಯ ಮುಚ್ಚಳ ಎತ್ತಿ ತೋರಿಸಿದೆ. ಪಕ್ಕದ ಮನೆಯವರ ಬಚ್ಚಲಿಂದ ನಮ್ಮ ಗೋಡೆಗೆ ಹತ್ತುವ ತೇವ ತೋರಿಸಿ, ಕೈ ಇಟ್ಟು ನೋಡಿ ಎಂದೆ. ರಸ್ತೆ ಮಾಡುವಾಗ ರೋಲರ್ ಓಡಾಡಿ ಬಿಟ್ಟ ಬಿರುಕು, ಮೆಟ್ಟಿಲ ಮೇಲಿನ ಸೋರಿಕೆ, ಎಲ್ಲ. ಅಡುಗೆಮನೆಯ ಹಿಂಬಾಗಿಲು ಕಚ್ಚಿಕೊಳ್ಳುತ್ತದೆ, ತಳ್ಳಿದರೆ ಬರುವುದಿಲ್ಲ, ಹಿಡಿ ಹಿಡಿದು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು ಎಂದು ಎಳೆದೂ ತೋರಿಸಿದೆ. ಮುಂದಿನ ಕೋಣೆಗೆ ಬರುವ ಹೊತ್ತಿಗೆ ಆ ಹುಡುಗಿಯ ಮುಖ ಬಾಡಿಹೋಗಿತ್ತು.

"ಯೋಚನೆ ಮಾಡಿ ಹೇಳ್ತೀವಿ ಅಕ್ಕಾ," ಎಂದು ಹೋದರು. ಆಮೇಲೆ ಬಂದವರೂ ಹಾಗೇ ಹೋದರು. ಒಬ್ಬ ಮುದುಕಪ್ಪ ಮೋರಿ ನೋಡಿದವನು ಒಳಗೇ ಬರಲಿಲ್ಲ. ಪಕ್ಕದ ಮನೆಯಾಕೆ ಬಂದು, "ನಮ್ಮ ಬಚ್ಚಲನ್ನ ಕಂಡಕಂಡವರಿಗೆಲ್ಲ ತೋರಿಸ್ತಾ ಇದೀರಂತೆ?" ಎಂದು ಮುಖ ಊದಿಸಿಕೊಂಡು ಹೋದರು. ಮೆಟ್ಟಿಲಿಗೆ ಸಿಮೆಂಟು ಮೆತ್ತಿಸಲಿಲ್ಲ. ಮೆತ್ತಿಸಿದರೆ ಸೋರುವ ಜಾಗ ಯಾವುದೆಂದು ತೋರಿಸುವುದು ಹೇಗೆ?

ಪಾತ್ರೆ ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದೆ.

ಇಂತಿ,
ನಿಮ್ಮ ದರ್ಜಿ


ಫೆಬ್ರವರಿ 17

ಇವಳೇ,

ಕಾಗದ ಓದಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮೋರಿಯ ಮುಚ್ಚಳ ಎತ್ತಿ ತೋರಿಸಿ ಮನೆ ಮಾರುವವಳು ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. ಫಿಟ್ಟರ್‌ಗೆ ಹೇಳಿದೆ. ಅವನು ಹಾಸಿಗೆಯ ಮೇಲೆ ಬಿದ್ದು ನಕ್ಕ. ನನಗೆ ಆಮೇಲೆ ನಗು ಬರಲಿಲ್ಲ.

ಬಟ್ಟೆ ಬೇರೆ, ಮನೆ ಬೇರೆ. ನನ್ನ ಕೆಲಸದಲ್ಲಿ ಒಂದು ಗುಳ್ಳೆ ಕಂಡರೆ ಆ ಬಾಟಲಿಯ ಕತೆ ಮುಗಿಯಿತು. ಯಾರೂ ಅದರ ಉಳಿದ ಭಾಗ ಎಷ್ಟು ನುಣುಪಾಗಿದೆ ಎಂದು ನೋಡುವುದಿಲ್ಲ. ನೀನು ಅವರಿಗೆ ಗುಳ್ಳೆ ತೋರಿಸಿ, ಆಮೇಲೆ ಬಾಟಲಿ ಕೊಳ್ಳಿ ಅನ್ನುತ್ತೀಯ. ಸುಳ್ಳು ಹೇಳು ಎಂದು ನಾನು ಹೇಳುತ್ತಿಲ್ಲ. ಕೇಳಿದರೆ ಹೇಳು. ಮೊದಲು ಮುಂದಿನ ಕೋಣೆ ತೋರಿಸು, ಬೆಳಗಿನ ಬಿಸಿಲು ನಿನ್ನ ಮೇಜಿನ ಮೇಲೆ ಬೀಳುವ ಹೊತ್ತಿಗೆ ಬರಹೇಳು. ಆ ಕೋಣೆ ನೋಡಿ ತಾನೇ ನಾವೂ ಕೊಂಡದ್ದು?

ಇಲ್ಲಿ ದಿನ ಹೋಗುತ್ತಿಲ್ಲ. ಬೇಗ ಮುಗಿಸು.

ಇಂತಿ,
ನಿನ್ನವನು


ಮಾರ್ಚ್ 5

ಕಾರ್ಖಾನೆಯವರಿಗೆ,

ನಿನ್ನೆ ಮಧ್ಯಾಹ್ನ ಒಬ್ಬ ಮನುಷ್ಯ ಬಂದ. ಮೊಣಕೈಗೆ ಹೆಲ್ಮೆಟ್ಟನ್ನು ತರಕಾರಿ ಬುಟ್ಟಿಯ ಹಾಗೆ ತಗುಲಿಹಾಕಿಕೊಂಡಿದ್ದ. ಪ್ಯಾಂಟು ಕಿರಿದು ಮಾಡಿಸಲು ಬಂದವನೆಂದು ಟೇಪು ಕೈಗೆತ್ತಿಕೊಂಡೆ. "ಸಾರ್ ಫೋನ್ ಮಾಡಿದ್ರು ಅಮ್ಮ, ಮನೆ ನಂಗೆ ಒಪ್ಸಿದಾರೆ," ಎಂದ. ಯಾವ ಸಾರ್ ಎಂದು ಕೇಳಿದೆ. ನಿಮ್ಮ ಹೆಸರು ಹೇಳಿದ.

ನನ್ನ ಬೆನ್ನ ಹಿಂದೆ ಬ್ರೋಕರನ್ನು ಗೊತ್ತುಮಾಡಿ, ನನ್ನ ಮನೆಬಾಗಿಲಲ್ಲಿ ಅವನ ಬಾಯಿಂದಲೇ ನನಗೆ ಹೇಳಿಸಿದಿರಿ. ಅವನೆದುರು ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ನನಗೆ ಆದ ಸಿಟ್ಟಿಗೆ ಆಗಲೇ ಫೋನು ಮಾಡುತ್ತಿದ್ದೆ. ಕಾಗದವೇ ಇರಲಿ ಎಂದಿದ್ದೀರಲ್ಲ, ಅದಕ್ಕೆ ಸುಮ್ಮನಾದೆ.

ಬಂದವನನ್ನು ಕಳಿಸುವುದು ಹೇಗೆಂದು, ಅವನಿಗೂ ಹಿತ್ತಲಿಂದಲೇ ಮನೆ ತೋರಿಸಿದೆ. ಅವನು ಎಲ್ಲವನ್ನೂ ನೋಡಿದ. ಕೊನೆಗೆ ನನ್ನ ಮೇಜಿನ ಪಕ್ಕ ಹೆಲ್ಮೆಟ್ಟಿಟ್ಟು ಕೂತ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನೀವು ಮನೆ ಮಾರ್ತಾ ಇಲ್ಲ, ಬಂದೋರನ್ನ ಓಡಿಸ್ತಾ ಇದೀರಿ."

"ಇರೋದನ್ನ ಹೇಳೋದು ತಪ್ಪಾ?"

"ತಪ್ಪಲ್ಲ. ಆದ್ರೆ ಇರೋದ್ರಲ್ಲಿ ಒಳ್ಳೇದೂ ಇದ್ಯಲ್ಲ, ಅದನ್ನ ಒಂದ್ಸಲಾನೂ ಹೇಳ್ಲಿಲ್ಲ ನೀವು. ಈ ಕೆಲಸದಲ್ಲಿ ನಾನು ಗೋಡೆಗಿಂತ ಮೊದ್ಲು ಮಾರೋರ ಮುಖ ನೋಡ್ತೀನಿ. ನಿಮಗೆ ಹೋಗೋಕೆ ಮನಸಿದ್ಯಾ ಅಮ್ಮ?"

ಅವನನ್ನು ಕಳಿಸಿಬಿಟ್ಟೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ತೋಳು ಹೊಲಿದೆ, ಎಡದ ತೋಳನ್ನು ಬಲಕ್ಕೆ ಹಚ್ಚಿದ್ದೆ, ಬಿಚ್ಚಿದೆ. ಮಾಳಿಗೆಗೆ ಹೋದೆ, ಏಕೆ ಹೋದೆನೆಂದು ಮರೆತು ಇಳಿದೆ. ನನಗೆ ಸತ್ಯ ಹೇಳುವ ಚಟವೋ, ಹೋಗಲು ಮನಸ್ಸಿಲ್ಲದವಳ ಕಳ್ಳಾಟವೋ ನನಗೇ ಗೊತ್ತಾಗುತ್ತಿಲ್ಲ. ಇದನ್ನು ಕೇಳಬೇಕಾದವನು ಆ ಹೆಲ್ಮೆಟ್ಟಿನವನಾಗಿರಲಿಲ್ಲ.

ಇಂತಿ


ಮಾರ್ಚ್ 12

ಇವಳೇ,

ತಪ್ಪಾಯಿತು. ಹೇಳಿ ಮಾಡಬೇಕಿತ್ತು. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ಈಗ ಬರೆಯುವಾಗ ಇದೊಂದು ಕಾರಣವೇ ಅಲ್ಲ ಅನ್ನಿಸುತ್ತಿದೆ.

ಅವನು ಒಳ್ಳೆಯವನಂತೆ, ಹಳೆಯ ಕಾರ್ಖಾನೆಯ ಸ್ಟೋರ್‌ಕೀಪರ್ ಹೇಳಿದರು. ಬೇಡವೆಂದರೆ ಬಿಡಿಸೋಣ. ಇಲ್ಲಿಗೆ ಬಂದ ಮೇಲೆ ಹಿಡಿದಿದ್ದ ಕೆಮ್ಮು ಕಡಿಮೆಯಾಗಿದೆ. ಕಂಪನಿಯವರು ಮನೆ ಬಾಡಿಗೆ ಕೊಡುತ್ತಾರಂತೆ, ಮೇ ಮುಗಿಯುವುದರೊಳಗೆ ಮನೆಮಂದಿ ಬಂದರೆ ಮಾತ್ರ.

ಇಂತಿ,
ನಿನ್ನವನು


ಏಪ್ರಿಲ್ 3

ರೀ,

ಮನೆ ಹೋಗುವ ಹಾಗಿದೆ.

ಬ್ರೋಕರನ್ನು ನಾನು ಬಿಡಿಸಲಿಲ್ಲ. ಹೋದವಾರ ಅವನು ಅದೇ ಕಂಡಕ್ಟರ್ ದಂಪತಿಯನ್ನು ಮತ್ತೆ ಕರೆತಂದ. ಅವರನ್ನು ಹೇಗಪ್ಪಾ ಒಪ್ಪಿಸಿದೆ ಎಂದು ಬೆಪ್ಪಾಗಿ ಕೇಳಿದೆ. ಅವರಿಗೆ ಅವನು ಇನ್ನೂ ನಾಲ್ಕೈದು ಮನೆ ತೋರಿಸಿದನಂತೆ. ಎಲ್ಲ ಹೊಸ ಬಣ್ಣ ಬಳಿದು ಪಳಪಳ ಎನ್ನುತ್ತಿದ್ದವಂತೆ. ಪ್ರತಿ ಮನೆಯಲ್ಲೂ ಆ ಹುಡುಗಿ ಗೋಡೆ ಮುಟ್ಟಿ ನೋಡಿ, ಈ ಬಣ್ಣದ ಹಿಂದೆ ಏನಿದೆಯೋ ಎಂದು ಕೇಳಿದಳಂತೆ. "ಆಗ ನಾನಂದೆ, ನೋಡಿ, ಈ ಊರಲ್ಲಿ ಒಂದೇ ಒಂದು ಮನೆ ಇದೆ, ಅದರ ದೋಷವೆಲ್ಲ ನಿಮಗೆ ಗೊತ್ತಾಗಿಹೋಗಿದೆ. ಇನ್ನು ಹುಡುಕೋಕೆ ಏನೂ ಉಳಿದಿಲ್ಲ," ಎಂದ. ನಾನು ಹಾಳುಮಾಡಿದ ವ್ಯಾಪಾರವನ್ನೇ ಅವನು ಬಂಡವಾಳ ಮಾಡಿಕೊಂಡ. ಅವನ ಕಮಿಷನ್ನು ಅವನಿಗೆ ಸಲ್ಲಬೇಕು, ನಾನು ತಕರಾರು ತೆಗೆಯುವುದಿಲ್ಲ.

ಈ ಸಲ ಅವನು ಅವರನ್ನು ಮುಂಬಾಗಿಲಿಂದ ಕರೆತಂದ. ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹುಡುಗಿ ಗಿಡ್ಡ ಪರದೆ ನೋಡಿ ನಕ್ಕಳು, ಕಾರಣ ಕೇಳಿದಳು, ಹೇಳಿದೆ, ಇನ್ನೂ ನಕ್ಕಳು. ಬೆಲೆ ಒಪ್ಪಿದ್ದಾರೆ. ಕರಾರುಪತ್ರಕ್ಕೆ ನಮ್ಮಿಬ್ಬರ ಸಹಿಯೂ ಬೇಕು.

ಈಗ ನನ್ನ ಹತ್ತಿರ ನೆಪ ಯಾವುದೂ ಉಳಿದಿಲ್ಲ, ಅದಕ್ಕೇ ನೇರವಾಗಿ ಬರೆಯುತ್ತೇನೆ. ಜನವರಿಯಿಂದ ನೀವು ಬೆಲೆ ಕೇಳಿದಿರಿ, ಸೋರಿಕೆ ಕೇಳಿದಿರಿ, ಬ್ರೋಕರ್ ಕೇಳಿದಿರಿ. ನೀನು ಬರುತ್ತೀಯಾ ಎಂದು ಒಮ್ಮೆಯೂ ಕೇಳಲಿಲ್ಲ. ಕಾರ್ಖಾನೆಯವರು ನಿಮ್ಮನ್ನಾದರೂ ಕೇಳಿದರು, ಬರುತ್ತೀರೋ, ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತೀರೋ ಎಂದು. ನೀವು ಮನೆಗೆ ಬಂದು ಹೊರಡುವ ದಿನ ಯಾವುದೆಂದಷ್ಟೇ ಹೇಳಿದಿರಿ. ನಾನು ಸ್ವೆಟರ್ ಮಡಚಿದೆ.

ಈ ಬೀದಿಯಲ್ಲಿ ನಾನು ಯಾರ ಹೆಂಡತಿ ಎಂದು ಯಾರೂ ಕೇಳುವುದಿಲ್ಲ. ಟೈಲರಕ್ಕನ ಗಂಡ ಎಂದು ನಿಮ್ಮನ್ನೇ ಗುರುತಿಸುತ್ತಾರೆ. ಯಾರ ಭುಜ ಒಂದು ಕಡೆ ಇಳಿದಿದೆ, ಯಾರಿಗೆ ಕುತ್ತಿಗೆ ಬಿಗಿಯಾದರೆ ಆಗದು, ಅಳತೆ ತೆಗೆಯದೆ ಗೊತ್ತು ನನಗೆ. ಅಲ್ಲಿ ನಾನು ಬಾಟಲಿ ನೋಡುವವರ ಹೆಂಡತಿ. ಹೆದರಿಕೆಯಾಗುತ್ತದೆ. ನಿಮ್ಮ ಮೇಲೆ ಸಿಟ್ಟೂ ಇದೆ, ನೀವಿಲ್ಲದೆ ಈ ಮನೆ ಬಿಕೋ ಎನ್ನುವುದೂ ನಿಜ. ಎರಡನ್ನೂ ಬೇರೆ ಮಾಡಲು ಬರುತ್ತಿಲ್ಲ.

ಸಹಿ ಹಾಕಿಲ್ಲ.

ಇಂತಿ,
ಟೈಲರಕ್ಕ


ಏಪ್ರಿಲ್ 24

ರೀ,

ಉತ್ತರ ಬಂದಿಲ್ಲ. ಗೇಟು ಸದ್ದಾದರೆ ಹೊಲಿಗೆ ಯಂತ್ರ ತುಳಿಯುವ ಕಾಲು ತಾನೇ ನಿಲ್ಲುತ್ತದೆ. ಪ್ರತಿ ಸಲವೂ ಬರುವುದು ಹೆಲ್ಮೆಟ್ಟಿನವನು. ಪಾಪ, ಅವನೂ ಏನೂ ಕೇಳುವುದಿಲ್ಲ, ಮೇಜಿನ ಮೇಲಿನ ಕರಾರುಪತ್ರವನ್ನು ನೋಡಿ ಹೋಗುತ್ತಾನೆ. ಕಂಡಕ್ಟರ್ ಹೆಂಡತಿ ಒಂದು ರವಿಕೆ ಹೊಲಿಯಲು ಕೊಟ್ಟಿದ್ದಾಳೆ. ಬಟ್ಟೆಯ ನೆಪ, ನೋಡಲು ಬಂದದ್ದು ಮನೆಯನ್ನು.

ಹುಷಾರಿಲ್ಲವೇ? ಕೆಮ್ಮು ಜಾಸ್ತಿಯಾಯಿತೆ? ಒಂದು ಸಾಲು ಬರೆಯಿರಿ. ಇಲ್ಲ ಎಂದಾದರೂ ಬರೆಯಿರಿ.

ಇಂತಿ,
ನಿಮ್ಮವಳು


ಏಪ್ರಿಲ್ 25

ಇವಳೇ,

ತಡವಾಯಿತು. ಬರೆಯಲು ಕೂತಾಗಲೆಲ್ಲ ಒಳ್ಳೆಯ ಮಾತೇ ಬರುತ್ತಿತ್ತು. ಊರು ದೊಡ್ಡದು, ನಿನಗೆ ಗಿರಾಕಿ ಬೇಕಾದಷ್ಟು, ಹೀಗೆ. ಓದಿಕೊಂಡರೆ ಬ್ರೋಕರ್ ಬರೆದ ಹಾಗಿತ್ತು. ಹರಿದುಹಾಕಿದೆ. ಆಮೇಲೆ ನಿನ್ನ ಕ್ರಮವೇ ಸರಿ ಅನ್ನಿಸಿತು. ನಿನಗೆ ಇಲ್ಲಿನ ಬದುಕನ್ನು ಹಿತ್ತಲಿಂದ ತೋರಿಸುತ್ತೇನೆ, ಬಾ.

ನಿನಗೆ ಬ್ರೋಕರ್ ಹಿಡಿ ಎಂದ ನಾನು ಇಲ್ಲಿ ಒಬ್ಬನೇ ಸುತ್ತಿ ಮನೆ ಹುಡುಕುತ್ತಿದ್ದೆ. ಜನವರಿಯಿಂದ. ಅಲೆಯುತ್ತೇನೆ ಎಂದು ಬರೆದಿದ್ದು ಅದನ್ನೇ. ಒಂದು ಸಿಕ್ಕಿದೆ, ಬಾಡಿಗೆಯದು. ಅದರ ಹಿಂದೆ ಗ್ಯಾರೇಜಿದೆ, ಬೆಳಗಾದರೆ ತಗಡು ಬಡಿಯುವ ಸದ್ದು. ಗಾಳಿ ಈ ಕಡೆ ತಿರುಗಿದರೆ ಕಾರ್ಖಾನೆಯ ಹೊಗೆ ಒಳಗೇ ಬರುತ್ತದೆ, ಒಗೆದ ಬಟ್ಟೆ ಹೊರಗೆ ಹಾಕುವಂತಿಲ್ಲ. ನೀರು ಗಡಸು, ಸೋಪು ನೊರೆ ಬರುವುದಿಲ್ಲ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹೊರಗೆ ಬರಬೇಕು. ಮಲಗುವ ಕೋಣೆಯ ಗೋಡೆಗೆ ಕೈಯಿಟ್ಟು ನೋಡಿದೆ. ತೇವವಿದೆ.

ಇನ್ನು ನನ್ನದು. ಕೆಮ್ಮು ಕಡಿಮೆಯಾಗಿದೆ ಎಂದದ್ದು ಸುಳ್ಳು. ಕಣ್ಣು ಮಂಜಾಗುತ್ತಿದೆ, ಹೋದ ತಿಂಗಳು ಗುಳ್ಳೆಯಿದ್ದ ಬಾಟಲಿಗಳನ್ನು ಬಿಟ್ಟುಬಿಟ್ಟೆನೆಂದು ಮೇಲಿನವರು ಕರೆದು ಹೇಳಿದರು. ಇಲ್ಲಿ ನನಗೆ ಸ್ನೇಹಿತರಿಲ್ಲ, ಫಿಟ್ಟರ್ ಒಬ್ಬನೇ. ಅವನಿಗೂ ನನ್ನ ಮಾತು ಕೇಳಿ ಸಾಕಾಗಿದೆ, ಏಕೆಂದರೆ ಅದೆಲ್ಲ ನಿನ್ನದೇ ಮಾತು. ನಿನ್ನನ್ನು ಕೇಳದೆ ಒಪ್ಪಿಕೊಂಡು ಬಂದೆ. ಕೇಳಲಿಲ್ಲ ಏಕೆಂದರೆ, ಒಲ್ಲೆ ಎಂದರೆ ಏನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ. ಹೆದರಿದ್ದೆ. ಈಗಲೂ ಹೆದರಿಕೆಯಿದೆ.

ಒಳಹೊಲಿಗೆ ಇಷ್ಟು. ಮುಂಭಾಗ ಒಂದೇ ಒಂದಿದೆ: ಬೀದಿಗೆ ತೆರೆದ ಒಂದು ಕೋಣೆ, ದೊಡ್ಡ ಕಿಟಕಿ. ಬಿಸಿಲು ಬೆಳಗ್ಗೆಯಲ್ಲ, ಸಂಜೆ ಬರುತ್ತದೆ.

ಬರುತ್ತೀಯಾ?

ಒಲ್ಲೆ ಎಂದರೆ ಸಹಿ ಹಾಕಬೇಡ. ಮನೆ ನಮ್ಮದಾಗಿಯೇ ಇರಲಿ. ಸಿಟ್ಟು ಮಾಡಿಕೊಳ್ಳುವುದಿಲ್ಲ, ರಜೆ ಸಿಕ್ಕಾಗಲೆಲ್ಲ ಬಂದು ಹೋಗುತ್ತೇನೆ.

ಇಂತಿ,
ಟೈಲರಕ್ಕನ ಗಂಡ


ಮೇ 4

ರೀ,

ನಿಮ್ಮ ಕಾಗದವನ್ನು ಮೇಜಿನ ಪಕ್ಕ ನಿಂತೇ ಓದಿದೆ, ಕೈಯಲ್ಲಿ ಕತ್ತರಿ ಹಾಗೇ ಇತ್ತು. ಮೊದಲು ಸಿಟ್ಟು ಬಂತು. ಕಣ್ಣು ಮಂಜಾದದ್ದನ್ನು ಇಷ್ಟು ದಿನ ಬಚ್ಚಿಟ್ಟಿರಲ್ಲ ಎಂದು. ಆಮೇಲೆ ಇನ್ನೊಮ್ಮೆ ಓದಿದೆ.

ಜನವರಿಯಲ್ಲಿ ಕೇಳಿದ್ದರೆ ಒಲ್ಲೆ ಎನ್ನುತ್ತಿದ್ದೆ. ಅದು ನಿಜ, ನಿಮಗೂ ಗೊತ್ತಿರಲಿ. ಈಗ ಬರುತ್ತೇನೆ. ಹೊಗೆಯ ಊರಿಗೆ ಬರುತ್ತೇನೆ ಎಂದು ಕುಣಿಯುತ್ತಿಲ್ಲ, ಅಳುತ್ತಲೇ ಬರುತ್ತೇನೆ, ಆದರೆ ಬರುತ್ತೇನೆ. ಬಂದ ಮೊದಲ ಕೆಲಸ ನಿಮ್ಮನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವುದು. ಎರಡನೆಯದು ಬೋರ್ಡು ಹಾಕುವುದು. ಬೋರ್ಡಿನಲ್ಲಿ ನನ್ನ ಹೆಸರೊಂದೇ ಇರುತ್ತದೆ.

ನನ್ನ ಸಹಿ ಹಾಕಿದ್ದೇನೆ. ನೀವು ರಜೆ ಹಾಕಿ ಬಂದು ನಿಮ್ಮದು ಹಾಕಿ, ಬರುವಾಗ ಫಿಟ್ಟರ್‌ನನ್ನು ಕೇಳಿ, ಅವನ ಅಂಗಿಯ ಅಳತೆ ತನ್ನಿ. ನಿಮ್ಮನ್ನು ಇಷ್ಟು ದಿನ ಸಹಿಸಿದ್ದಕ್ಕೆ ಒಂದು ಹೊಲಿದುಕೊಡಬೇಕು.

ಕಂಡಕ್ಟರ್ ಹೆಂಡತಿ ರವಿಕೆ ತೆಗೆದುಕೊಂಡು ಹೋಗಲು ಬಂದಿದ್ದಳು. ಅಡುಗೆಮನೆಯ ಹಿಂಬಾಗಿಲನ್ನು ತೋರಿಸಿ ತೆಗೆ ನೋಡೋಣ ಎಂದೆ. ಹಿಡಿ ಹಿಡಿದು, ಸ್ವಲ್ಪ ಮೇಲಕ್ಕೆತ್ತಿ, ಮೊದಲ ಸಲಕ್ಕೇ ಎಳೆದಳು. ನಾನು ಒಂದೇ ಸಲ ತೋರಿಸಿದ್ದು, ಫೆಬ್ರವರಿಯಲ್ಲಿ. ಅವಳೆದುರೇ ಅತ್ತುಬಿಟ್ಟೆ. ಅವಳಿಗೆ ಗಾಬರಿ, "ಯಾಕಕ್ಕಾ, ಬಾಗಿಲಿಗೆ ಏನಾದ್ರೂ ಆಯ್ತಾ?" ಎಂದು ಕೇಳಿದಳು. ಇಲ್ಲಮ್ಮ, ಸರಿಯಾಗೇ ತೆಗೆದೆ ಎಂದೆ. ಆ ಗಿಡ್ಡ ಪರದೆ ಚೆನ್ನಾಗಿದೆ, ಬಿಟ್ಟು ಹೋಗಿ ಎಂದಳು. ಅದೊಂದು ಕೊಡಲಿಲ್ಲ.

ಪಾತ್ರೆ ಕಟ್ಟಿದ್ದೇನೆ. ಈ ಸಲ ಬಾಣಲೆ ಬೇಕಾದರೂ ಬಿಚ್ಚುವುದಿಲ್ಲ.

ಅಲ್ಲಿಯ ಮುಂದಿನ ಕೋಣೆಯ ಕಿಟಕಿಯ ಅಳತೆ ಬೇಕು, ಉದ್ದ ಅಗಲ ಎರಡೂ. ಗೇಣಿನಲ್ಲಿ ಬೇಡ. ನನ್ನ ಟೇಪನ್ನೇ ಈ ಕವರಿನಲ್ಲಿ ಇಟ್ಟಿದ್ದೇನೆ. ಇಟ್ಟಾಗಿನಿಂದ ಕೈ ಆಗಾಗ ಕುತ್ತಿಗೆಗೆ ಹೋಗಿ ತಡಕುತ್ತಿದೆ. ಬೇಗ ತನ್ನಿ.

ಇಂತಿ,
ಬರುತ್ತಿರುವವಳು